ಸುಣ್ಣ ಎಲ್ಲಿಂದ ಬಂತು? ಮೂತ್ರಪಿಂಡದ ಕುರಿತು ಓದುಗರ ಪ್ರಶ್ನೆಗಳು

ಮೂತ್ರಪಿಂಡದ ಕಲ್ಲಿನ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದ ಉತ್ತರವನ್ನು ಓದಿ ಕೊಡಗು ಜಿಲ್ಲೆಯ ಬೇರೆ ಬೇರೆ ಕಡೆಗಳಿಂದ ಬಂದ ಪತ್ರಗಳಲ್ಲಿ ಕೆಲವು ಕಲ್ಲನ್ನು ಬಿಟ್ಟು ಮತ್ತೊಂದು ಸಂಗತಿಯನ್ನು ಕೇಳಿವೆ. ಸ್ಕ್ಯಾನ್ ವರದಿಯಲ್ಲಿ 'ನೆಫ್ರೋಕ್ಯಾಲ್ಸಿನೋಸಿಸ್', ಅಂದರೆ ಮೂತ್ರಪಿಂಡದ ಮಾಂಸದೊಳಗೆ ಕ್ಯಾಲ್ಸಿಯಂ ಕೂರುವುದು, ಎಂಬ ಪದವನ್ನು ಕಂಡು ಗಾಬರಿಯಾದವರ ಪತ್ರಗಳವು. ಈ ಸಲದ ಪುಟಗಳಲ್ಲಿ ಹೆಚ್ಚಿನ ಜಾಗವನ್ನು ಅವರಿಗೇ ಮೀಸಲಿಟ್ಟಿದ್ದೇನೆ. ಎಂದಿನಂತೆ ಯಾರ ಹೆಸರನ್ನೂ ಪ್ರಕಟಿಸಿಲ್ಲ.

ಪ್ರಶ್ನೆ: ನಾನು 47 ವರ್ಷದ ಮಹಿಳೆ. ಹೊಟ್ಟೆನೋವೆಂದು ಸ್ಕ್ಯಾನ್ ಮಾಡಿಸಿದಾಗ ಎರಡೂ ಮೂತ್ರಪಿಂಡಗಳ ಒಳಭಾಗದಲ್ಲಿ ಕ್ಯಾಲ್ಸಿಯಂ ಶೇಖರವಾಗಿದೆ ಎಂದು ವರದಿ ಬಂತು. ಮೂತ್ರಪಿಂಡದ ಕೆಲಸವನ್ನು ತೋರಿಸುವ ಕ್ರಿಯಾಟಿನಿನ್ ರಕ್ತದಲ್ಲಿ 0.9 ಇದೆ. ಒಬ್ಬ ವೈದ್ಯರು 'ಕಲ್ಲಲ್ಲವಲ್ಲ, ಬಿಡಿ' ಎಂದರು. ನೆರೆಯವರು ದಿನವೂ ಬಾಳೆದಿಂಡಿನ ರಸ ಕುಡಿಯಬೇಕು, ಹಾಲು ಮುಟ್ಟಬಾರದು ಎನ್ನುತ್ತಾರೆ. ನನ್ನ ಅಣ್ಣನಿಗೆ ಎರಡು ಸಲ ಕಲ್ಲಾಗಿತ್ತು. ಇದೂ ಅದೇ ಕಾಯಿಲೆಯೇ? ಕರಗುತ್ತದೆಯೇ?
— ನಾಪೋಕ್ಲು ಸಮೀಪದ ಓದುಗರು

ಉತ್ತರ: ಕಲ್ಲಲ್ಲ ಎಂದ ವೈದ್ಯರ ಮಾತು ಸರಿ, 'ಬಿಡಿ' ಎಂದದ್ದು ಸರಿಯಲ್ಲ. ಕಲ್ಲು ಎಂದು ನಾವು ಕರೆಯುವುದು ಮೂತ್ರ ಹರಿದು ಬರುವ ದಾರಿಯಲ್ಲಿ, ಅಂದರೆ ಮೂತ್ರಪಿಂಡದೊಳಗಿನ ಬಟ್ಟಲಿನಂಥ ಜಾಗದಲ್ಲೋ ಅದರ ಕೆಳಗಿನ ನಾಳದಲ್ಲೋ ಬಿಡಿಯಾಗಿ ಬೆಳೆದು ಕುಳಿತ ಗಟ್ಟಿ ವಸ್ತುವನ್ನು. ನಿಮ್ಮಲ್ಲಿರುವುದು ಹಾಗಲ್ಲ. ಮೂತ್ರಪಿಂಡದ ಮಾಂಸದೊಳಗೇ, ಕೂದಲಿಗಿಂತ ಸಣ್ಣದಾದ ನಳಿಕೆಗಳ ಒಳಗೂ ಅವುಗಳ ನಡುವಿನ ಜಾಗದಲ್ಲೂ ಕ್ಯಾಲ್ಸಿಯಂ ಫಾಸ್ಫೇಟ್ ಅಥವಾ ಕ್ಯಾಲ್ಸಿಯಂ ಆಕ್ಸಲೇಟ್ ಲವಣ ಕೂತಿರುತ್ತದೆ. ಅದು ಜಾಗ ಬಿಟ್ಟು ಸರಿಯುವುದಿಲ್ಲವಾದ್ದರಿಂದ ಕಲ್ಲಿನಂತೆ ಸೊಂಟ ಹಿಡಿದು ಒದ್ದಾಡಿಸುವ ನೋವು ಅದರಿಂದ ಸಾಮಾನ್ಯವಾಗಿ ಬರುವುದಿಲ್ಲ, ಹಾಗಾಗಿಯೇ ಹೆಚ್ಚಿನವರಿಗೆ ಇದು ನಿಮ್ಮಂತೆ ಬೇರೇನನ್ನೋ ಹುಡುಕುವಾಗ ಕಾಣಸಿಗುತ್ತದೆ.

ಎರಡಕ್ಕೂ ನಂಟಿಲ್ಲವೆಂದಲ್ಲ. ಅಮೆರಿಕದ ಅಲೆಕ್ಸಾಂಡರ್ ರ್‍ಯಾಂಡಲ್ ಎಂಬ ವೈದ್ಯರು 1937ರಲ್ಲಿಯೇ, ಮೂತ್ರಪಿಂಡದ ಒಳಮೊನೆಗಳ ಮೇಲೆ ಕ್ಯಾಲ್ಸಿಯಂನ ಸಣ್ಣ ತೇಪೆಗಳಿರುತ್ತವೆ, ಕಲ್ಲು ಆ ತೇಪೆಗೆ ಅಂಟಿಕೊಂಡು ಬೆಳೆಯುತ್ತದೆ ಎಂದು ತೋರಿಸಿದ್ದರು. ಒಬ್ಬರಲ್ಲಿಯೇ ಎರಡೂ ಇರುವುದುಂಟು. ಆದರೂ ನಾನು ಇವೆರಡನ್ನು ಬೇರೆಯಾಗಿಯೇ ಹೇಳುವುದು ಯಾಕೆಂದರೆ, ಕಲ್ಲೆಂದ ಕೂಡಲೇ ನಮ್ಮ ಮನಸ್ಸು ಒಡೆಯುವುದು, ಕರಗಿಸುವುದು, ಹೊರಹಾಕುವುದು ಎಂಬ ಕಡೆಗೆ ಓಡುತ್ತದೆ. ಮಾಂಸದೊಳಗಿನ ಶೇಖರಣೆಯನ್ನು ಕಲ್ಲಿನಂತೆ ಆಘಾತದ ಅಲೆಗಳಿಂದ ಒಡೆಯುವುದಿಲ್ಲ, ಬಾಳೆದಿಂಡಿನ ರಸದಿಂದ ಕರಗಿಸಲೂ ಆಗುವುದಿಲ್ಲ. ನಮ್ಮ ಜಿಲ್ಲೆಯ ಹಳೆಯ ಮನೆಗಳಲ್ಲಿ ಮಳೆಗಾಲ ಕಳೆದ ಮೇಲೆ ಗೋಡೆಗೆ ಉಪ್ಪು ಹತ್ತಿ ಬಿಳಿಚಿಕೊಂಡಿರುವುದನ್ನು ನೀವು ನೋಡಿರುತ್ತೀರಿ. ಕೆರೆದು ಸುಣ್ಣ ಬಳಿದರೆ ಮುಂದಿನ ವರ್ಷ ಅಲ್ಲೇ ಮತ್ತೆ ಏಳುತ್ತದೆ. ತೇವ ಎಲ್ಲಿಂದ ಬರುತ್ತಿದೆ ಎಂದು ಮನೆ ಕಟ್ಟುವವನು ಹಿಂಬದಿಯ ಬರೆಯನ್ನು ನೋಡುತ್ತಾನೆ. ಇಲ್ಲಿಯೂ ಕೇಳಬೇಕಾದ ಪ್ರಶ್ನೆ ಅದೇ.

ಆರೋಗ್ಯವಂತರ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಅದರಲ್ಲಿ ಒಂದೂವರೆ ಎರಡು ಲೀಟರನ್ನು ಮಾತ್ರ ಮೂತ್ರವಾಗಿ ಬಿಡುತ್ತವೆ. ಸೋಸಿದ ಕ್ಯಾಲ್ಸಿಯಂನಲ್ಲಿ ನೂರಕ್ಕೆ 98ರಷ್ಟು ರಕ್ತಕ್ಕೆ ಹಿಂದಿರುಗುತ್ತದೆ. ನೀರನ್ನು ಹೀರಿ ಮೂತ್ರವನ್ನು ಗಟ್ಟಿಮಾಡುವ ಕೆಲಸ ನಡೆಯುವುದು ಒಳಭಾಗವಾದ ಮೆಡುಲ್ಲಾದಲ್ಲಿ. ಆದ್ದರಿಂದ ಲವಣ ಕೂರುವುದೂ ಬಹುಪಾಲು ಅಲ್ಲಿಯೇ. ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಿದರೂ, ಮೂತ್ರಕ್ಕೆ ಹೆಚ್ಚು ಸೋರಿದರೂ, ಅದನ್ನು ಕರಗಿಸಿ ಇಟ್ಟುಕೊಳ್ಳುವ ಸಿಟ್ರೇಟ್ ಕಡಿಮೆಯಾದರೂ ಫಲ ಒಂದೇ.

ನಿಮ್ಮ ವಯಸ್ಸಿನ ಮಹಿಳೆಯಲ್ಲಿ ನಾನು ಮೊದಲು ಸಂಶಯಪಡುವುದು ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳ ಮೇಲೆ. ಥೈರಾಯ್ಡ್ ಹಿಂದೆ ಅಕ್ಕಿಕಾಳಿನಷ್ಟು ಗಾತ್ರದ ನಾಲ್ಕು ಗ್ರಂಥಿಗಳಿವೆ. ಥೈರಾಯ್ಡ್ ಎಂಬ ಹೆಸರು ಜೊತೆಗಿದ್ದರೂ ಆ ಗ್ರಂಥಿಗೂ ಇವುಗಳ ಕೆಲಸಕ್ಕೂ ಸಂಬಂಧವಿಲ್ಲ. ಥೈರಾಯ್ಡ್ ಪರೀಕ್ಷೆ ಸರಿಯಿದೆ ಎಂದು ಸಮಾಧಾನಪಟ್ಟುಕೊಂಡು ಬರುವವರನ್ನು ನೋಡಿ ನೋಡಿ ಇದನ್ನು ಒತ್ತಿ ಹೇಳುತ್ತಿದ್ದೇನೆ. ನಾಲ್ಕರಲ್ಲಿ ಒಂದು ದಪ್ಪವಾಗಿ ಅಳತೆ ಮೀರಿ ಹಾರ್ಮೋನು ಸುರಿಸಿದರೆ ಮೂಳೆಯಿಂದ ಕ್ಯಾಲ್ಸಿಯಂ ರಕ್ತಕ್ಕೆ ಇಳಿಯುತ್ತದೆ. ರಕ್ತದ ಕ್ಯಾಲ್ಸಿಯಂ ಮತ್ತು ಪಿ.ಟಿ.ಎಚ್. (ಇದೇ ಹಾರ್ಮೋನಿನ ಅಳತೆ) ಎಂಬ ಎರಡು ಪರೀಕ್ಷೆಗಳಲ್ಲಿ ಇದು ಬಹುಮಟ್ಟಿಗೆ ಬಯಲಾಗುತ್ತದೆ, ದಪ್ಪವಾದ ಗ್ರಂಥಿಯನ್ನು ತೆಗೆದರೆ ಹೆಚ್ಚಿನವರಲ್ಲಿ ಕಾಯಿಲೆ ಅಲ್ಲಿಗೇ ಮುಗಿಯುತ್ತದೆ. ಎರಡನೆಯ ಸಂಶಯ, ಮೂತ್ರಪಿಂಡದ ನಳಿಕೆಗಳು ಆಮ್ಲವನ್ನು ಹೊರಹಾಕಲಾರದ ಸ್ಥಿತಿ. ಅದರ ವಿವರ ಕೆಳಗೆ ಸೋಮವಾರಪೇಟೆಯ ತಾಯಿಗೆ ಬರೆದ ಉತ್ತರದಲ್ಲಿದೆ. ದೊಡ್ಡವರಲ್ಲಿ ಇದು ಕಣ್ಣು ಬಾಯಿ ಒಣಗುವ ಷೋಗ್ರೆನ್ ಕಾಯಿಲೆಯ ಜೊತೆಗೂ ಬರುವುದರಿಂದ, ಅಂಥ ತೊಂದರೆಯಿದ್ದರೆ ವೈದ್ಯರಿಗೆ ತಾವಾಗಿಯೇ ಹೇಳಿ. ಮೂರನೆಯದು ಹುಟ್ಟಿನಿಂದ ಬಂದ ರಚನೆಯ ವ್ಯತ್ಯಾಸ: ಮೂತ್ರ ಒಟ್ಟುಗೂಡಿಸುವ ನಳಿಕೆಗಳು ಸ್ಪಂಜಿನಂತೆ ಅಲ್ಲಲ್ಲಿ ಹಿಗ್ಗಿರುತ್ತವೆ.

ಆದ್ದರಿಂದ ನೀವು ಮಾಡಿಸಬೇಕಾದುದು ರಕ್ತದಲ್ಲಿ ಕ್ಯಾಲ್ಸಿಯಂ, ಆಲ್ಬುಮಿನ್, ರಂಜಕ, ಪಿ.ಟಿ.ಎಚ್., ವಿಟಮಿನ್ ಡಿ, ಪೊಟ್ಯಾಸಿಯಂ ಮತ್ತು ಬೈಕಾರ್ಬನೇಟ್; ಜೊತೆಗೆ 24 ಗಂಟೆಯ ಮೂತ್ರದಲ್ಲಿ ಕ್ಯಾಲ್ಸಿಯಂ, ಆಕ್ಸಲೇಟ್, ಸಿಟ್ರೇಟ್. ಈ ಕೊನೆಯ ಪರೀಕ್ಷೆ ಹಾಳಾಗುವುದು ಪ್ರಯೋಗಾಲಯದಲ್ಲಲ್ಲ, ಮನೆಯಲ್ಲಿ. ಬೆಳಿಗ್ಗೆ ಎದ್ದ ಕೂಡಲೇ ಹೋಗುವ ಮೂತ್ರವನ್ನು ಚೆಲ್ಲಿ ಗಂಟೆ ಬರೆದಿಟ್ಟುಕೊಳ್ಳಿ. ಅಲ್ಲಿಂದ ಮುಂದೆ ಹಗಲೂ ರಾತ್ರಿಯೂ ಒಂದು ತೊಟ್ಟೂ ಬಿಡದೆ ಕ್ಯಾನಿಗೆ ಹಾಕಿ, ಮರುದಿನ ಅದೇ ಗಂಟೆಯ ಮೂತ್ರವನ್ನೂ ಸೇರಿಸಿ ಮುಗಿಸಿ. ನೆಂಟರ ಮನೆಗೆ ಹೋಗುವ ದಿನ ಬೇಡ, ನೀರು ಕುಡಿಯುವ ಅಭ್ಯಾಸವನ್ನೂ ಆ ಒಂದು ದಿನಕ್ಕೆಂದು ಬದಲಾಯಿಸಬೇಡಿ. ಕ್ಯಾಲ್ಸಿಯಂ ಹೆಂಗಸರಲ್ಲಿ ಸಾಮಾನ್ಯವಾಗಿ 250 ಮಿಲಿಗ್ರಾಂ ಒಳಗಿರಬೇಕು.

ಕರಗುತ್ತದೆಯೇ ಎಂಬುದಕ್ಕೆ ಉತ್ತರ: ದೊಡ್ಡವರಲ್ಲಿ ಒಮ್ಮೆ ಕೂತದ್ದು ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತದೆ, ಆದರೆ ಕಾರಣ ಕಂಡುಹಿಡಿದು ಚಿಕಿತ್ಸೆ ಮಾಡಿದರೆ ಬೆಳೆಯುವುದು ನಿಲ್ಲುತ್ತದೆ. ನಿಮ್ಮ ಕ್ರಿಯಾಟಿನಿನ್ ಚೆನ್ನಾಗಿರುವಾಗಲೇ ಇದು ಸಿಕ್ಕಿದ್ದು ನಿಮ್ಮ ಅದೃಷ್ಟ. ಹಾಲು ಬಿಡುವ ಮಾತನ್ನು ಪರೀಕ್ಷೆಗಳು ಬರುವವರೆಗೆ ಪಕ್ಕಕ್ಕಿಡಿ.

ಪ್ರಶ್ನೆ: ನಮ್ಮ ತಂದೆಯವರಿಗೆ 68 ವರ್ಷ, ಸೈನ್ಯದಲ್ಲಿದ್ದು ನಿವೃತ್ತರಾದವರು. ಮಂಡಿನೋವಿಗೆ ವಿಟಮಿನ್ ಡಿ ಪುಡಿಯ ಪೊಟ್ಟಣಗಳನ್ನು ವಾರಕ್ಕೊಂದರಂತೆ ಬರೆದುಕೊಟ್ಟಿದ್ದರು. ಅವರು ಶಿಸ್ತಿನವರು, ದಿನಕ್ಕೊಂದು ಎಂದು ತಿಳಿದು ಎರಡು ತಿಂಗಳು ತಪ್ಪದೆ ತೆಗೆದುಕೊಂಡರು, ಕ್ಯಾಲ್ಸಿಯಂ ಮಾತ್ರೆಯೂ ಜೊತೆಗಿತ್ತು. ವಾಂತಿ, ಮಲಬದ್ಧತೆ, ಮಾತಿನಲ್ಲಿ ಗೊಂದಲ ಶುರುವಾಗಿ ಆಸ್ಪತ್ರೆಗೆ ಸೇರಿಸಿದ್ದೇವೆ. ಕ್ಯಾಲ್ಸಿಯಂ 13.4, ಕ್ರಿಯಾಟಿನಿನ್ 2.6 ಇದೆ. ಮೂತ್ರಪಿಂಡ ಮೊದಲಿನಂತಾಗುವುದೇ?
— ವಿರಾಜಪೇಟೆಯ ಓದುಗರು

ಉತ್ತರ: ಒಂದು ಪೊಟ್ಟಣದಲ್ಲಿರುವುದು 60,000 ಯೂನಿಟ್. ಅರವತ್ತು ದಿನಕ್ಕೆ ಅದು 36 ಲಕ್ಷವಾಗುತ್ತದೆ. ದಿನನಿತ್ಯ ದೇಹಕ್ಕೆ ಬೇಕಾದುದು ಕೆಲವು ನೂರು ಯೂನಿಟ್‌ಗಳಷ್ಟೇ. ಇಷ್ಟು ವಿಟಮಿನ್ ಡಿ ಒಳಹೋದಾಗ ಕರುಳು ಕ್ಯಾಲ್ಸಿಯಂ ಅನ್ನು ಬಾಚಿಕೊಂಡು ಹೀರುತ್ತದೆ, ಮೂಳೆಯೂ ಬಿಟ್ಟುಕೊಡುತ್ತದೆ, ರಕ್ತದಲ್ಲಿ ಏರಿದ ಕ್ಯಾಲ್ಸಿಯಂ ಮೂತ್ರಪಿಂಡದ ನೀರು ಹಿಡಿದಿಡುವ ಶಕ್ತಿಯನ್ನೇ ಕೆಡಿಸುತ್ತದೆ. ಆದ್ದರಿಂದ ಪದೇಪದೇ ಮೂತ್ರ, ತಡೆಯಲಾರದ ಬಾಯಾರಿಕೆ, ವಾಂತಿ. ಅದರಿಂದ ದೇಹ ಒಣಗಿ, ಒಣಗಿದ ದೇಹದಲ್ಲಿ ಕ್ಯಾಲ್ಸಿಯಂ ಇನ್ನಷ್ಟು ಏರಿ, ಒಂದನ್ನೊಂದು ಹೆಚ್ಚಿಸುತ್ತ ಹೋಗುತ್ತವೆ. ಮೂತ್ರಪಿಂಡದಲ್ಲಿ ಸುಣ್ಣಗಟ್ಟುವುದು ಈ ಗದ್ದಲದ ನಡುವೆಯೇ.

ಸದ್ಯ ನಡೆಯುತ್ತಿರುವ ಚಿಕಿತ್ಸೆ ಸಲೈನ್ ಕೊಟ್ಟು ಒಣಗಿದ ದೇಹವನ್ನು ತುಂಬುವುದು, ಬೇಕಾದರೆ ಸ್ಟಿರಾಯ್ಡ್ ಅಥವಾ ಮೂಳೆಯಿಂದ ಕ್ಯಾಲ್ಸಿಯಂ ಇಳಿಯದಂತೆ ತಡೆಯುವ ಚುಚ್ಚುಮದ್ದು ಕೊಡುವುದು. ಮನೆಯವರು ತಿಳಿದಿರಬೇಕಾದ ಮಾತೆಂದರೆ, ವಿಟಮಿನ್ ಡಿ ದೇಹದ ಕೊಬ್ಬಿನಲ್ಲಿ ಸೇರಿಕೊಂಡು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಹೊರಬರುತ್ತಿರುತ್ತದೆ. ಮೂರು ದಿನದಲ್ಲಿ ಕ್ಯಾಲ್ಸಿಯಂ 10.5ಕ್ಕೆ ಇಳಿಯಿತೆಂದು ಮನೆಗೆ ಬಂದವರಿಗೆ ಎರಡು ವಾರದಲ್ಲಿ ಮತ್ತೆ ಏರುವುದು ಆಶ್ಚರ್ಯವಲ್ಲ. ಆದ್ದರಿಂದ ಬಿಡುಗಡೆಯಾದ ಮೇಲೂ ವೈದ್ಯರು ಹೇಳಿದಂತೆ ಕ್ಯಾಲ್ಸಿಯಂ, ಕ್ರಿಯಾಟಿನಿನ್ ನೋಡಿಸುತ್ತಲೇ ಇರಬೇಕು. ಈ ಅವಧಿಯಲ್ಲಿ ಹಾಲು ಮೊಸರು ಮಿತಗೊಳಿಸುವುದು ಸರಿ. ನಾಪೋಕ್ಲು ಓದುಗರಿಗೆ ಹೇಳಿದ್ದಕ್ಕೆ ಇದು ಹೊರತು. ಹೀಗೆ ಬೇಗ ಏರಿದ ಕ್ರಿಯಾಟಿನಿನ್ ಕ್ಯಾಲ್ಸಿಯಂ ಇಳಿದಂತೆ ಬಹಳಷ್ಟು ಮಟ್ಟಿಗೆ ಇಳಿಯುವುದುಂಟು. ಪೂರ್ಣ ಮೊದಲಿನಂತಾಗುವುದೇ ಎಂಬುದು ಎಷ್ಟು ದಿನ ಹಾಗಿತ್ತು, ಮೊದಲು ಮೂತ್ರಪಿಂಡ ಹೇಗಿತ್ತು ಎಂಬುದರ ಮೇಲಿದೆ.

ಅವರಿಗೆ ಎಲೆಅಡಿಕೆಯ ಅಭ್ಯಾಸವಿದೆಯೇ ಎಂದು ನೀವು ಬರೆದಿಲ್ಲ. ಇದ್ದರೆ ವೈದ್ಯರಿಗೆ ತಿಳಿಸಿ. ಎಲೆಗೆ ಹಚ್ಚುವ ಸುಣ್ಣ ಕ್ಯಾಲ್ಸಿಯಂ ಮತ್ತು ಕ್ಷಾರ ಎರಡೂ ಹೌದು. ದಿನವಿಡೀ ಅಗಿಯುವವರಲ್ಲಿ ಬರೀ ಅದರಿಂದಲೇ ರಕ್ತದ ಕ್ಯಾಲ್ಸಿಯಂ ಏರಿದ ಉದಾಹರಣೆಗಳು ತೈವಾನಿನಿಂದ ವರದಿಯಾಗಿವೆ.

ತಪ್ಪನ್ನು ತಂದೆಯವರ ಮೇಲೆ ಹೊರಿಸಬೇಡಿ. ಉಳಿದ ಮಾತ್ರೆಗಳೆಲ್ಲ ದಿನಕ್ಕೊಂದು ಇರುವಾಗ ಇದೊಂದು ಮಾತ್ರ ವಾರಕ್ಕೊಂದು ಎಂಬುದು ಚೀಟಿಯಲ್ಲಿ ಎದ್ದು ಕಾಣುವಂತಿರಬೇಕು. ನಾನು 'ವಾರಕ್ಕೊಮ್ಮೆ' ಎಂದು ಬರೆಯುವುದನ್ನು ಬಿಟ್ಟು 'ಭಾನುವಾರ ಮಾತ್ರ, ಎಂಟು ಭಾನುವಾರ' ಎಂದು ಕನ್ನಡದಲ್ಲಿ ಬರೆಯಲು ಶುರುಮಾಡಿದ್ದು ಇಂಥದ್ದೇ ಒಂದು ಪ್ರಕರಣ ನೋಡಿದ ಮೇಲೆ.

ಪ್ರಶ್ನೆ: ನನ್ನ ಮಗಳಿಗೆ ಆರು ವರ್ಷ. ವಯಸ್ಸಿಗೆ ತಕ್ಕ ಎತ್ತರವಿಲ್ಲ, ಕಾಲುಗಳು ಬಾಗಿವೆ, ರಾತ್ರಿಯೂ ಎದ್ದು ನೀರು ಕೇಳುತ್ತಾಳೆ. ಮೈಸೂರಿನಲ್ಲಿ ತೋರಿಸಿದಾಗ ಮೂತ್ರಪಿಂಡದಲ್ಲಿ ಆಮ್ಲದ ತೊಂದರೆ, ಅದರಿಂದಲೇ ಕ್ಯಾಲ್ಸಿಯಂ ಕೂತಿದೆ ಎಂದರು. ದಿನಕ್ಕೆ ಮೂರು ಸಲ ಒಂದು ಹುಳಿ ದ್ರವ ಕೊಡಲು ಹೇಳಿದ್ದಾರೆ, ಜೀವನವಿಡೀ ಬೇಕಂತೆ. ಆಮ್ಲದ ಕಾಯಿಲೆಗೆ ಹುಳಿ ಕೊಡುವುದು ಹೇಗೆ ಸರಿ ಎಂದು ಅತ್ತೆಯವರು ಕೇಳುತ್ತಾರೆ. ನಾವು ಸೋದರ ಸಂಬಂಧದಲ್ಲಿ ಮದುವೆಯಾದವರು.
— ಸೋಮವಾರಪೇಟೆ ತಾಲ್ಲೂಕಿನ ತಾಯಿ

ಉತ್ತರ: ಅತ್ತೆಯವರ ಪ್ರಶ್ನೆ ಚೆನ್ನಾಗಿದೆ, ಅದಕ್ಕೇ ಮೊದಲು ಉತ್ತರಿಸುತ್ತೇನೆ. ಆ ದ್ರವದಲ್ಲಿರುವುದು ಸಿಟ್ರೇಟ್. ನಾಲಿಗೆಗೆ ಹುಳಿಯಾದರೂ ದೇಹದೊಳಗೆ, ಮುಖ್ಯವಾಗಿ ಪಿತ್ತಜನಕಾಂಗದಲ್ಲಿ, ಅದು ಬೈಕಾರ್ಬನೇಟ್ ಆಗಿ ಮಾರ್ಪಟ್ಟು ಆಮ್ಲವನ್ನು ತಣಿಸುತ್ತದೆ. ರುಚಿ ಬೇರೆ, ಪರಿಣಾಮ ಬೇರೆ. ನಮ್ಮ ತೋಟದ ಮಣ್ಣು ಹುಳಿಯಾದಾಗ ಕೃಷಿ ಸುಣ್ಣ ಹಾಕುವ ಕೆಲಸವನ್ನು ದೇಹದಲ್ಲಿ ಈ ಔಷಧ ಮಾಡುತ್ತದೆ ಎಂದರೆ ಅವರಿಗೆ ಅರ್ಥವಾದೀತು.

ನಾವು ತಿನ್ನುವ ಆಹಾರದಿಂದ ಪ್ರತಿದಿನ ದೇಹದಲ್ಲಿ ಒಂದಿಷ್ಟು ಆಮ್ಲ ಹುಟ್ಟುತ್ತದೆ. ಅದನ್ನು ಮೂತ್ರಕ್ಕೆ ತಳ್ಳುವುದು ಮೂತ್ರಪಿಂಡದ ನಳಿಕೆಗಳ ಕೊನೆಯ ಭಾಗದ ಕೆಲಸ. ನಿಮ್ಮ ಮಗಳಲ್ಲಿ ಆ ಭಾಗ ಕೆಲಸ ಮಾಡುತ್ತಿಲ್ಲ. ರಕ್ತದಲ್ಲಿ ಉಳಿದ ಆಮ್ಲವನ್ನು ತಣಿಸಲು ದೇಹ ಮೂಳೆಯನ್ನು ಕರಗಿಸುತ್ತದೆ, ಕಾಲು ಬಾಗುತ್ತದೆ, ಎತ್ತರ ನಿಲ್ಲುತ್ತದೆ. ಕರಗಿದ ಕ್ಯಾಲ್ಸಿಯಂ ಮೂತ್ರಪಿಂಡಕ್ಕೆ ಬಂದಾಗ ಅಲ್ಲಿ ಮೂತ್ರ ಆಮ್ಲವಾಗದೆ ಸಪ್ಪೆಯಾಗಿರುತ್ತದೆ, ಸಿಟ್ರೇಟ್ ಕೂಡ ಇರುವುದಿಲ್ಲ. ಕ್ಯಾಲ್ಸಿಯಂ ಫಾಸ್ಫೇಟ್ ಕೂರಲು ಇದಕ್ಕಿಂತ ಅನುಕೂಲವಾದ ಸ್ಥಿತಿ ಬೇರೆಯಿಲ್ಲ. ಬರೀ ಕಾಲು ನೋಡಿ ಇಂಥ ಮಗುವಿಗೆ ವಿಟಮಿನ್ ಡಿ ಮೇಲೆ ವಿಟಮಿನ್ ಡಿ ಕೊಡುತ್ತ ಹೋದರೆ ಮೂತ್ರಪಿಂಡಕ್ಕೆ ಹಾನಿಯೇ ಹೆಚ್ಚು. ನಿಮಗೆ ಅಲ್ಲಿ ಸರಿಯಾಗಿ ಕಂಡುಹಿಡಿದಿದ್ದಾರೆ.

ಔಷಧವನ್ನು ದಿನದ ಮೂರು ಹೊತ್ತಿಗೂ ಹಂಚಿ ಕೊಡುವುದು ಆಮ್ಲ ಹಗಲೂ ರಾತ್ರಿಯೂ ಹುಟ್ಟುತ್ತಿರುವುದರಿಂದ. ರಾತ್ರಿಯದು ತಪ್ಪಬಾರದು. ಊಟದ ನಂತರ, ನೀರು ಬೆರೆಸಿ ಕೊಟ್ಟರೆ ಹೊಟ್ಟೆ ತೊಳಸುವುದಿಲ್ಲ. ಮಗು ಬೆಳೆದಂತೆ ತೂಕಕ್ಕೆ ತಕ್ಕ ಹಾಗೆ ಅಳತೆಯನ್ನು ಹೆಚ್ಚಿಸಬೇಕಾಗುತ್ತದೆ. ಹಳೆಯ ಚೀಟಿಯನ್ನೇ ಹಿಡಿದು ವರ್ಷಗಟ್ಟಲೆ ಔಷಧ ಕೊಳ್ಳುವುದು ನಾನು ಕಾಣುವ ಸಾಮಾನ್ಯ ತಪ್ಪು. ಬೇಗ ಆರಂಭಿಸಿ ಬಿಡದೆ ಕೊಟ್ಟ ಮಕ್ಕಳು ಎತ್ತರದಲ್ಲಿ ಓರಗೆಯವರನ್ನು ಹಿಡಿಯುತ್ತಾರೆ, ಮೂಳೆಗಳೂ ಗಟ್ಟಿಯಾಗುತ್ತವೆ. ಇದ್ದಕ್ಕಿದ್ದಂತೆ ಕೈಕಾಲು ಸೋತು ಎದ್ದು ನಿಲ್ಲಲಾಗದಿದ್ದರೆ ಪೊಟ್ಯಾಸಿಯಂ ಕುಸಿದಿದೆ ಎಂದು ತಿಳಿದು ಆ ಹೊತ್ತಿಗೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ, ಬೆಳಗಾಗಲಿ ಎಂದು ಕಾಯಬೇಡಿ.

ಈ ಕಾಯಿಲೆಯ ಕೆಲವು ವಂಶವಾಹಿ ಬಗೆಗಳಲ್ಲಿ ಕಿವಿ ಮಂದವಾಗುವುದುಂಟು. ಶಾಲೆಯಲ್ಲಿ ಮಾತು ಕೇಳಿಸಿಕೊಳ್ಳುವುದಿಲ್ಲ ಎಂಬ ದೂರು ಇದ್ದರೂ ಇಲ್ಲದಿದ್ದರೂ ಶ್ರವಣ ಪರೀಕ್ಷೆ ಮಾಡಿಸಿ. ಸಂಬಂಧದಲ್ಲಿ ಮದುವೆಯಾದದ್ದಕ್ಕೆ ಯಾರೂ ನಿಮ್ಮನ್ನು ದೂರುವ ಅಗತ್ಯವಿಲ್ಲ. ಆದರೆ ತಂದೆತಾಯಿ ಇಬ್ಬರಿಂದಲೂ ದೋಷವಿರುವ ಪ್ರತಿ ಬಂದಾಗ ಕಾಣುವ ಬಗೆ ಇದಾಗಿದ್ದರೆ, ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಸಂಭವವಿರುತ್ತದೆ; ಆದ್ದರಿಂದ ಅವಳಿಗೆ ತಮ್ಮ ತಂಗಿಯರಿದ್ದರೆ ಕಾಲು ಬಾಗುವವರೆಗೆ ಕಾಯದೆ ಅವರ ರಕ್ತ, ಮೂತ್ರ ನೋಡಿಸಿ.

ಪ್ರಶ್ನೆ: 38 ವರ್ಷದ ಕಾಫಿ ಬೆಳೆಗಾರ. ಎರಡು ಸಲ ಕಲ್ಲು ತೆಗೆಸಿದ್ದೇನೆ, ಎರಡೂ ಕ್ಯಾಲ್ಸಿಯಂ ಆಕ್ಸಲೇಟ್. ಪ್ಯಾರಾಥೈರಾಯ್ಡ್ ಮುಂತಾದ ಪರೀಕ್ಷೆಗಳೆಲ್ಲ ಸರಿಯಿವೆ. ಹಾಲು ಮೊಸರನ್ನು ಒಂದು ವರ್ಷದಿಂದ ಬಿಟ್ಟಿದ್ದೇನೆ. ಪಂದಿಕರಿ, ಕೆಸದ ಸೊಪ್ಪು, ಕಾಫಿ ಬಿಡಬೇಕೇ? ಕರಿಗೆ ಹಾಕುವ ಹುಳಿಯಾದ ಕಾಚಂಪುಳಿ ಕುಡಿದರೆ ಕಲ್ಲು ಕರಗುತ್ತದೆಂದು ಗೆಳೆಯರು ಮೊಬೈಲಿನಲ್ಲಿ ಕಳಿಸಿದ್ದಾರೆ. ನಿಜವೇ?
— ಗೋಣಿಕೊಪ್ಪಲಿನ ಓದುಗರು

ಉತ್ತರ: ಬಿಡಬಾರದ್ದನ್ನು ಬಿಟ್ಟು, ಬಿಡಬೇಕಾದ್ದನ್ನು ನೀವು ಕೇಳಿಯೇ ಇಲ್ಲ. ಅದು ಉಪ್ಪು.

ಹಾಲಿನ ವಿಷಯ ಮೊದಲು. 2002ರಲ್ಲಿ ಇಟಲಿಯ ಸಂಶೋಧಕರು ನಿಮ್ಮಂತೆಯೇ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಮರುಕಳಿಸುತ್ತಿದ್ದ, ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದ 120 ಗಂಡಸರನ್ನು ಐದು ವರ್ಷ ಗಮನಿಸಿ ಪ್ರಕಟಿಸಿದ ಅಧ್ಯಯನವಿದೆ. ಅರ್ಧ ಜನರಿಗೆ ದಿನಕ್ಕೆ 400 ಮಿಲಿಗ್ರಾಂ ಕ್ಯಾಲ್ಸಿಯಂ ಮಾತ್ರ ಇರುವ ಆಹಾರ. ಉಳಿದರ್ಧಕ್ಕೆ 1200 ಮಿಲಿಗ್ರಾಂ, ಅಂದರೆ ಎಲ್ಲರಂತೆ ಹಾಲು ಮೊಸರು, ಆದರೆ ಉಪ್ಪು ಮತ್ತು ಮಾಂಸ ಕಡಿಮೆ. ಹಾಲು ಬಿಟ್ಟ 60 ಜನರಲ್ಲಿ 23 ಮಂದಿಗೆ ಕಲ್ಲು ಮರಳಿತು, ಹಾಲು ಕುಡಿದ 60 ಜನರಲ್ಲಿ 12 ಮಂದಿಗೆ. ಕಾರಣ ಸರಳವಾಗಿದೆ. ಊಟದ ಜೊತೆಗಿನ ಕ್ಯಾಲ್ಸಿಯಂ ಕರುಳಿನಲ್ಲಿಯೇ ಆಕ್ಸಲೇಟ್ ಅನ್ನು ಹಿಡಿದು ಮಲದಲ್ಲಿ ಹೊರಹಾಕುತ್ತದೆ. ಹಿಡಿಯುವವರಿಲ್ಲದ ಆಕ್ಸಲೇಟ್ ರಕ್ತಕ್ಕೆ ಹೋಗಿ ಮೂತ್ರದಲ್ಲಿ ಇಳಿಯುತ್ತದೆ. ನಾಳೆಯಿಂದಲೇ ಮೊಸರು ಮಜ್ಜಿಗೆಯನ್ನು ಊಟದ ಜೊತೆಗೆ ಸೇರಿಸಿಕೊಳ್ಳಿ. ಕ್ಯಾಲ್ಸಿಯಂ ಮಾತ್ರೆ ಬೇರೆ ಮಾತು, ಅದನ್ನು ವೈದ್ಯರು ಹೇಳದೆ ನುಂಗಬೇಡಿ.

ಉಪ್ಪಿನ ಸೋಡಿಯಂ ಮೂತ್ರದಲ್ಲಿ ಹೋಗುವಾಗ ಕ್ಯಾಲ್ಸಿಯಂ ಅನ್ನೂ ಎಳೆದುಕೊಂಡು ಹೋಗುತ್ತದೆ. ದಿನಕ್ಕೆ ಒಟ್ಟು 5 ಗ್ರಾಂ, ಒಂದು ಚಹಾ ಚಮಚದಷ್ಟು, ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಮಳೆಗಾಲದ ಒಣಮೀನು, ಉಪ್ಪಿನಕಾಯಿ, ಬೇಕರಿಯ ಖಾರದ ತಿಂಡಿಗಳನ್ನು ಲೆಕ್ಕ ಹಿಡಿದರೆ ಮಧ್ಯಾಹ್ನದೊಳಗೆ ಆ ಚಮಚ ಖಾಲಿಯಾಗಿರುತ್ತದೆ.

ಪಂದಿಕರಿಯನ್ನು ಬಿಡಿ ಎಂದು ಕೊಡಗಿನಲ್ಲಿ ಕೂತು ಬರೆಯುವ ಧೈರ್ಯ ನನಗಿಲ್ಲ, ಬರೆದರೂ ನೀವು ಕೇಳುವುದಿಲ್ಲ. ಹಂದಿಯಾಗಲಿ ಕುರಿಯಾಗಲಿ ಕೋಳಿಯಾಗಲಿ, ಮಾಂಸ ಹೆಚ್ಚಾದಷ್ಟೂ ಮೂತ್ರದಲ್ಲಿ ಆಮ್ಲ, ಯೂರಿಕ್ ಆಮ್ಲ ಮತ್ತು ಕ್ಯಾಲ್ಸಿಯಂ ಏರುತ್ತವೆ, ಸಿಟ್ರೇಟ್ ಇಳಿಯುತ್ತದೆ. ವಾರದ ಎಲ್ಲ ದಿನ, ಎರಡು ಹೊತ್ತು ಎಂಬುದನ್ನು ವಾರಕ್ಕೆ ಎರಡು ಮೂರು ಸಲ, ತಟ್ಟೆಯ ಕಾಲುಭಾಗ ಎಂಬಲ್ಲಿಗೆ ತಂದರೂ ಸಾಕಷ್ಟು ಗೆದ್ದಂತೆ. ಮದುವೆ ಮನೆಯ ಒಂದು ದಿನದಿಂದ ಕಲ್ಲಾಗುವುದಿಲ್ಲ.

ಕೆಸದಲ್ಲಿ ಆಕ್ಸಲೇಟ್ ಯಥೇಚ್ಛವಾಗಿದೆ. ಸರಿಯಾಗಿ ಬೇಯದಿದ್ದರೆ ಗಂಟಲು ಕೆರೆಯುವುದು ಅದರ ಸೂಜಿಯಂಥ ಹರಳುಗಳಿಂದಲೇ. ಬೇಯಿಸಿದ ನೀರನ್ನು ಚೆಲ್ಲಿ, ಮೊಸರಿನ ಜೊತೆ ಅಪರೂಪಕ್ಕೊಮ್ಮೆ ತಿನ್ನುವುದಕ್ಕೆ ಅಡ್ಡಿಯಿಲ್ಲ. ಪಾಲಕ್ ಸೊಪ್ಪಿಗೂ ಇದೇ ಮಾತು. ಕಾಫಿಯಿಂದ ಕಲ್ಲು ಹೆಚ್ಚುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳಲ್ಲಿ ಕಾಫಿ ಕುಡಿಯುವವರಿಗೆ ಕಲ್ಲು ಕಡಿಮೆಯೇ ಕಂಡುಬಂದಿದೆ. ಬೆಳೆದವರು ನೀವು, ಕುಡಿಯಿರಿ. ಅದಕ್ಕೆ ಹಾಕುವ ಬೆಲ್ಲ ಸಕ್ಕರೆಯನ್ನು ಮಾತ್ರ ತಗ್ಗಿಸಿ.

ಇನ್ನು ಕಾಚಂಪುಳಿ. ನಿಮ್ಮ ಗೆಳೆಯರು ಕಳಿಸಿದ ಸುದ್ದಿ ಗಾಳಿಯಿಂದ ಹುಟ್ಟಿದ್ದಲ್ಲ, ಆದರೆ ಬೆಳೆದದ್ದು ಗಾಳಿಯಲ್ಲಿ. ಕಾಚಂಪುಳಿ ಮಾಡುವ ಪಣಪುಳಿ ಹಣ್ಣಿನಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲವಿದೆ. 2016ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಒಂದು ಪ್ರಬಂಧವು, ಸಿಟ್ರೇಟ್‌ನಂತೆ ಇದೂ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳ ಬೆಳವಣಿಗೆಯನ್ನು ತಡೆದು, ಕೆಲವು ಸ್ಥಿತಿಗಳಲ್ಲಿ ಅವನ್ನು ಕರಗಿಸುತ್ತದೆಂದು ಪ್ರಯೋಗಾಲಯದಲ್ಲಿ ತೋರಿಸಿತು. ಗಾಜಿನ ಪಾತ್ರೆಯಲ್ಲಿ ಹರಳು ಕರಗುವುದಕ್ಕೂ ನಿಮ್ಮ ಮೂತ್ರಪಿಂಡದಲ್ಲಿ ಕಲ್ಲು ಕರಗುವುದಕ್ಕೂ ನಡುವೆ ಬಹಳ ದಾರಿಯಿದೆ. ಕರಿಗೆ ಹಾಕುವ ಒಂದೆರಡು ಚಮಚದ ಕಾಚಂಪುಳಿಯನ್ನು ಲೋಟದಲ್ಲಿ ಕುಡಿದರೆ ಮೊದಲು ಸುಡುವುದು ಅನ್ನನಾಳ. ಇದೇ ಜಾತಿಯ ಹಣ್ಣಿನ ಸಾರವನ್ನು ತೂಕ ಇಳಿಸುವ ಮಾತ್ರೆಗಳಾಗಿ ತಿಂದವರಲ್ಲಿ ಪಿತ್ತಜನಕಾಂಗಕ್ಕೆ ಪೆಟ್ಟಾದ ವರದಿಗಳೂ ಇವೆ. ಅದು ಪಂದಿಕರಿಯಲ್ಲೇ ಇರಲಿ. ಸಿಟ್ರೇಟ್ ಬೇಕೆಂದರೆ ನಿಂಬೆಹಣ್ಣಿನ ನೀರನ್ನು ಉಪ್ಪು ಸಕ್ಕರೆಯಿಲ್ಲದೆ ಕುಡಿಯಿರಿ, ತೋಟದ ಕಿತ್ತಳೆಯನ್ನು ತಿನ್ನಿ.

ಹುಳಿಯೆಲ್ಲ ಒಳ್ಳೆಯದೆಂದು ಮಾತ್ರ ತಿಳಿಯಬೇಡಿ. ಬಿಂಬಳಿ ಮತ್ತು ಕಮರಾಕ್ಷಿ ಎರಡರಲ್ಲೂ ಆಕ್ಸಲೇಟ್ ತುಂಬಿದೆ. ಕೊಲೆಸ್ಟ್ರಾಲ್ ಇಳಿಯಲೆಂದು ಬಿಂಬಳಿಯ ಗಟ್ಟಿ ರಸ ಕುಡಿದು ಮೂತ್ರಪಿಂಡ ನಿಂತುಹೋದ ಹತ್ತು ಜನರ ವರದಿ 2013ರಲ್ಲಿ ಪಕ್ಕದ ಕೇರಳದಿಂದಲೇ ಬಂದಿದೆ. ಅವರಲ್ಲಿ ಏಳು ಮಂದಿಗೆ ಡಯಾಲಿಸಿಸ್ ಬೇಕಾಯಿತು. ಸಾವಿರ ಮಿಲಿಗ್ರಾಂನ ವಿಟಮಿನ್ ಸಿ ಮಾತ್ರೆಯನ್ನು ದಿನವೂ ನುಂಗುವ ಅಭ್ಯಾಸವಿದ್ದರೆ ಅದನ್ನೂ ನಿಲ್ಲಿಸಿ, ದೇಹದಲ್ಲಿ ಅದರ ಒಂದು ಭಾಗ ಆಕ್ಸಲೇಟ್ ಆಗುತ್ತದೆ.

ಪ್ರಶ್ನೆ: ನಾನು ಎಸ್ಟೇಟೊಂದರಲ್ಲಿ ರೈಟರ್. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಹೆಣ್ಣಾಳುಗಳಿಗೆ ಉರಿಮೂತ್ರ, ಸೊಂಟನೋವು ಹೆಚ್ಚು. ಇಬ್ಬರಿಗೆ ಕಲ್ಲು ಎಂದಿದ್ದಾರೆ. ನೀರಿನಲ್ಲಿ ಸುಣ್ಣವಿದೆಯೇ ಎಂದು ಪರೀಕ್ಷಿಸಬೇಕೇ?
— ಸಿದ್ದಾಪುರ ಸಮೀಪದಿಂದ

ಉತ್ತರ: ನೀರನ್ನು ಪರೀಕ್ಷಿಸಿ, ಆದರೆ ಅದರ ಗಡಸುತನಕ್ಕಿಂತ ಅದನ್ನು ಅವರು ಎಷ್ಟು ಕುಡಿಯುತ್ತಾರೆ ಎಂಬುದು ಹೆಚ್ಚು ಮುಖ್ಯ. ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ಕುಡಿಯಬೇಕು, ಅಂದರೆ ಬಿಸಿಲಲ್ಲಿ ದುಡಿಯುವವರಿಗೆ ಮೂರು ಲೀಟರಿಗೂ ಮೇಲೆ. ನನ್ನ ಬಳಿ ಬರುವ ಹೆಣ್ಣಾಳುಗಳನ್ನು ಯಾಕೆ ಕುಡಿಯುವುದಿಲ್ಲ ಎಂದು ಕೇಳಿದರೆ ಮೊದಲು ನಗುತ್ತಾರೆ, ಆಮೇಲೆ 'ಹೋಗುವುದೆಲ್ಲಿ ಡಾಕ್ಟ್ರೇ' ಎನ್ನುತ್ತಾರೆ. ಬೆಳಿಗ್ಗೆ ಲೈನ್ ಮನೆ ಬಿಟ್ಟವರು ಸಂಜೆಯವರೆಗೆ ಮೂತ್ರ ತಡೆದಿರುತ್ತಾರೆ. ತಡೆಯುವುದು ಸುಲಭವಾಗಲೆಂದು ನೀರನ್ನೇ ಬಿಟ್ಟಿರುತ್ತಾರೆ. ಕುಡಿಯುವ ನೀರು ಮತ್ತು ಶೌಚಾಲಯ ಒದಗಿಸುವುದು 1951ರ ತೋಟ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ಮಾಲೀಕರ ಹೊಣೆ. ಕುಯ್ಲು ನಡೆಯುವ ಬ್ಲಾಕಿಗೆ ನೀರಿನ ಕ್ಯಾನಿನ ಜೊತೆ ಸಾಗಿಸಬಹುದಾದ ಒಂದು ಶೌಚಾಲಯವನ್ನೂ ತರಿಸಲು ನೀವು ಮಾಲೀಕರಿಗೆ ಹೇಳಿದರೆ, ನಾನು ಬರೆಯುವ ಯಾವ ಔಷಧಕ್ಕಿಂತಲೂ ಹೆಚ್ಚು ಕೆಲಸವಾಗುತ್ತದೆ. ಆದರೆ ಕಲ್ಲು ಎಂದವರಿಗೆ ಜ್ವರ ಚಳಿ ಬಂದರೆ ಅದೇ ದಿನ ಆಸ್ಪತ್ರೆಗೆ ಕಳಿಸಿ.

ಪ್ರಶ್ನೆ: ಮೊಮ್ಮಗ 29 ವಾರಕ್ಕೇ ಹುಟ್ಟಿದ. ಉಸಿರಾಟದ ತೊಂದರೆಗೆ ಮೂತ್ರ ಹೆಚ್ಚಿಸುವ ಔಷಧ ಕೊಟ್ಟಿದ್ದರು. ಈಗ ಮೂತ್ರಪಿಂಡದಲ್ಲಿ ಕ್ಯಾಲ್ಸಿಯಂ ಚುಕ್ಕೆಗಳಿವೆ ಎನ್ನುತ್ತಾರೆ. ಜೀವಕ್ಕೆ ಅಪಾಯವೇ?
— ಕುಶಾಲನಗರದ ಅಜ್ಜಿ

ಉತ್ತರ: ಧೈರ್ಯವಾಗಿರಿ ಅಮ್ಮ. ಅವಧಿಗೆ ಮುನ್ನ ಹುಟ್ಟಿದ ಕೂಸುಗಳಲ್ಲಿ ಇದು ಅಪರೂಪವಲ್ಲ. ಬಲಿಯದ ಮೂತ್ರಪಿಂಡ ಮತ್ತು ಕ್ಯಾಲ್ಸಿಯಂ ಅನ್ನು ಮೂತ್ರಕ್ಕೆ ಹರಿಸುವ ಆ ಔಷಧ, ಎರಡೂ ಸೇರಿ ಹೀಗಾಗುತ್ತದೆ. ಉಸಿರು ಉಳಿಸಲು ಔಷಧ ಬೇಕೇ ಇತ್ತು, ಕೊಟ್ಟವರದು ತಪ್ಪಲ್ಲ. ದೊಡ್ಡವರಂತಲ್ಲದೆ ಈ ಮಕ್ಕಳಲ್ಲಿ ಹೆಚ್ಚಿನವರಿಗೆ ಮೊದಲ ಕೆಲವು ವರ್ಷಗಳಲ್ಲಿ ಚುಕ್ಕೆಗಳು ತಾವಾಗಿಯೇ ಮಾಸುತ್ತವೆ. ಹೇಳಿದ ದಿನಕ್ಕೆ ಸ್ಕ್ಯಾನ್ ಮಾಡಿಸಿ, ದೊಡ್ಡವನಾಗುತ್ತಿದ್ದಂತೆ ರಕ್ತದೊತ್ತಡವನ್ನೂ ನೋಡಿಸುತ್ತಿರಿ.

ಪ್ರಶ್ನೆ: ಕಕ್ಕಡ ತಿಂಗಳ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸ ಉಂಡ ಮೇಲೆ ಮೂತ್ರ ಕೆಂಪಾಗುತ್ತದೆ. ನನಗೆ ಮೂತ್ರಪಿಂಡದಲ್ಲಿ ಕ್ಯಾಲ್ಸಿಯಂ ಇದೆ. ಇದು ರಕ್ತವಲ್ಲವೆಂದು ತಿಳಿಯುವುದು ಹೇಗೆ?
— ಮಡಿಕೇರಿಯ ಓದುಗರು

ಉತ್ತರ: ಮದ್ದುಸೊಪ್ಪನ್ನು ಕುದಿಸಿದಾಗ ಬಿಡುವ ನೇರಳೆ ಬಣ್ಣವೇ ಮೂತ್ರದಲ್ಲಿ ಇಳಿಯುತ್ತದೆ, ನಮ್ಮಲ್ಲಿ ಅದು ಮದ್ದು ಮೈಗೆ ಹಿಡಿಯಿತೆಂಬುದರ ಗುರುತು. ಅದೇ ಪಾಯಸ ಉಂಡ ಮನೆಯ ಉಳಿದವರಿಗೂ ಹಾಗೆಯೇ ಆಗಿ, ನಿಮಗೆ ನೋವಿಲ್ಲದೆ, ಮರುದಿನದ ಹೊತ್ತಿಗೆ ತಿಳಿಯಾದರೆ ಚಿಂತೆಯಿಲ್ಲ. ನಿಮ್ಮ ಸ್ಥಿತಿಯಲ್ಲಿ ಸಣ್ಣ ಕಲ್ಲೊಂದು ಜಾರಿ ನಿಜವಾಗಿಯೂ ರಕ್ತ ಹೋಗುವ ಸಂಭವವೂ ಇರುವುದರಿಂದ, ಮೂರನೆಯ ದಿನವೂ ಬಣ್ಣ ಉಳಿದರೆ, ಅಥವಾ ಪಕ್ಕೆಯಲ್ಲಿ ನೋವೋ ಹೆಪ್ಪುಗಟ್ಟಿದ ಚೂರುಗಳೋ ಕಂಡರೆ ಮೂತ್ರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಸಿ. ಕೆಂಪು ರಕ್ತಕಣಗಳಿವೆಯೇ ಇಲ್ಲವೇ ಎಂಬುದು ಅಲ್ಲಿ ನಿಮಿಷಗಳಲ್ಲಿ ಗೊತ್ತಾಗುತ್ತದೆ. ಪಾಯಸ ಉಂಡ ವಿಷಯವನ್ನು ಚೀಟಿಯಲ್ಲಿ ಬರೆಸಿ ಕಳಿಸಿ. ಹೊರಗಿನಿಂದ ಹೊಸದಾಗಿ ಬಂದ ವೈದ್ಯರಿಗೆ ಕಕ್ಕಡದ ಲೆಕ್ಕ ತಿಳಿದಿರುವುದಿಲ್ಲ.